ಕೀಲೆಣ್ಣೆಯ ಪಾಠ

ಜಾತ್ರೆಗೆ ಗಾಡಿ ಕಟ್ಟುತ್ತಿದ್ದ ಕಾಲದಲ್ಲಿ, ಹೊರಡುವ ಹಿಂದಿನ ಸಂಜೆ ಮನೆಯ ಮುಂದೆ ಎರಡು ಬಗೆಯ ಕೆಲಸಗಳು ನಡೆಯುತ್ತಿದ್ದುವು. ಹುಡುಗರು ಗಾಡಿಗೆ ಕಮಾನು ಕಟ್ಟಿ ಚಾಪೆ ಹೊದಿಸುವುದರಲ್ಲಿ, ಎತ್ತುಗಳ ಕೋಡಿಗೆ ಬಣ್ಣ ಬಳಿದು ಕೊರಳಿಗೆ ಗೆಜ್ಜೆ ಕಟ್ಟುವುದರಲ್ಲಿ ಮಗ್ನರಾಗಿರುತ್ತಿದ್ದರು. ಮನೆಯ ಹಿರಿಯನಾದರೋ ಗಾಲಿಯ ಪಕ್ಕದಲ್ಲಿ ಕುಳಿತು, ಕಡಾಣಿಯನ್ನು ಅಲುಗಿಸಿ ನೋಡಿ, ಗಾಲಿಯ ಪಟ್ಟಿ ಸಡಿಲವಾಗಿದೆಯೆ ಎಂದು ತಟ್ಟಿ ಕೇಳಿ, ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ. ಜಾತ್ರೆಯಲ್ಲಿ ಜನ ಕಂಡು ಮೆಚ್ಚುತ್ತಿದ್ದುದು ಹುಡುಗರ ಕೆಲಸವನ್ನು. ಗಾಡಿಯನ್ನು ಜಾತ್ರೆಗೆ ಮುಟ್ಟಿಸಿ, ಮರಳಿ ಮನೆಗೆ ತರುತ್ತಿದ್ದುದು ಹಿರಿಯನ ಕೆಲಸ.

ಈ ಎರಡು ಬಗೆಯ ಜನ ಎಲ್ಲ ದೇಶಗಳಲ್ಲಿಯೂ ಉಂಟು, ಎಲ್ಲ ಕಾಲಗಳಲ್ಲಿಯೂ ಉಂಟು. ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ, ಆಸ್ಟ್ರೇಲಿಯದ ಒಳನಾಡಿನ ಕೆಮ್ಮಣ್ಣಿನಲ್ಲಿ ಇಂದು ಎತ್ತಿನ ಗಾಡಿಯ ಸ್ಥಾನವನ್ನು ಪಿಕಪ್ ಟ್ರಕ್ಕು ಆಕ್ರಮಿಸಿಕೊಂಡಿದೆ. ಮುಂದೆ ಕುಳಿತುಕೊಳ್ಳಲು ಕೋಣೆ, ಹಿಂದೆ ಸಾಮಾನು ತುಂಬಲು ತೆರೆದ ತೊಟ್ಟಿ, ಕೆಳಗೆ ಉಕ್ಕಿನ ಬಲವಾದ ಚೌಕಟ್ಟು, ಇಷ್ಟೇ ಅದರ ರೂಪ. ಇಪ್ಪತ್ತು ಮೂವತ್ತು ವರ್ಷ ದುಡಿದ ಅಂಥ ಗಾಡಿಯೊಂದನ್ನು ಅಗ್ಗದ ಬೆಲೆಗೆ ಕೊಂಡು, ಅದರ ಮೇಲೆ ಮಡಿಸಿ ಬಿಚ್ಚುವ ಡೇರೆ ಕಟ್ಟಿ, ಒಲೆ ಪಾತ್ರೆಗಳನ್ನು ಹೇರಿಕೊಂಡು, ರಸ್ತೆ ಮುಗಿದ ಮೇಲೆ ಮೊದಲಾಗುವ ಹಾದಿಯಲ್ಲಿ ಸಂಸಾರಸಮೇತ ಹೊರಡುವುದು ಅಲ್ಲಿಯ ಗೃಹಸ್ಥರಿಗೆ ಪರಮಾನಂದದ ವಿಷಯ.

ಆಸ್ಟ್ರೇಲಿಯದವರು ಈ ಗಾಡಿಗೆ ‘ಯೂಟ್’ ಎಂದು ಮುದ್ದಿನ ಹೆಸರಿಟ್ಟಿದ್ದಾರೆ. ಅದರ ಹುಟ್ಟಿನ ಹಿಂದೆ ಒಬ್ಬ ಗೃಹಿಣಿಯ ಬೇಡಿಕೆಯೊಂದು ಇದೆಯೆಂಬುದು ಅಲ್ಲಿಯ ಪ್ರಸಿದ್ಧ ಕಥೆ. 1930ರ ದಶಕದ ಆರಂಭದಲ್ಲಿ ರೈತನೊಬ್ಬನ ಹೆಂಡತಿ ಫೋರ್ಡ್ ಕಂಪನಿಗೆ ಪತ್ರ ಬರೆದಳಂತೆ: ಭಾನುವಾರ ಮೈ ನೆನೆಯದಂತೆ ದೇವಾಲಯಕ್ಕೆ ಹೋಗಬೇಕು, ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನು ಸಂತೆಗೆ ಒಯ್ಯಬೇಕು, ಇಂಥದೊಂದು ವಾಹನವನ್ನು ಮಾಡಿಕೊಡಲಾಗದೆ ಎಂದು. ಗೀಲಾಂಗ್ ನಗರದ ಕಾರ್ಖಾನೆಯಲ್ಲಿದ್ದ ಲೂ ಬ್ಯಾಂಟ್ ಎಂಬ ತರುಣ ಅದಕ್ಕೆ ರೂಪ ಕೊಟ್ಟ. 1934ರಲ್ಲಿ ಗಾಡಿ ಮಾರುಕಟ್ಟೆಗೆ ಬಂತು. ಭಕ್ತಿಗೂ ಸಂತೆಗೂ ಏಕಕಾಲದಲ್ಲಿ ಒದಗಿದ ಈ ವಾಹನ ಮುಂದೆ ವಿಹಾರಕ್ಕೂ ಒದಗಿತು.

ವಿಹಾರವೆಂದ ಮೇಲೆ ಅಲಂಕಾರ ಬರುವುದು ಸಹಜ. ಹಳೆಯ ಗಾಡಿಯನ್ನು ಕೊಂಡವನಿಗೆ ಅಂಗಡಿಗಳು ಸಾವಿರ ಆಸೆಗಳನ್ನು ತೋರಿಸುತ್ತವೆ. ಗಾಡಿಯನ್ನು ನೆಲದಿಂದ ಮೇಲೆತ್ತುವ ಸ್ಪ್ರಿಂಗುಗಳು, ಆಳೆತ್ತರದ ಟೈರುಗಳು, ಮುಂದೆ ಉಕ್ಕಿನ ತಡೆಗಂಬಿ, ಹೂತ ಗಾಡಿಯನ್ನು ಎಳೆಯುವ ರಾಟೆ, ಮಾಡಿನ ಮೇಲೆ ಡೇರೆ, ಹಿಂದೆ ಶೀತಕದ ಪೆಟ್ಟಿಗೆ, ದೀಪಗಳ ಸಾಲು! ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ, ಯಾವುದಕ್ಕಿಂತ ಮೊದಲು ಯಾವುದು ಎಂಬ ವಿವೇಕವನ್ನು ಅಂಗಡಿಯವರು ಮಾರುವುದಿಲ್ಲ. ಅದನ್ನು ಕಲಿಸಿದವನು ಬೇರೊಬ್ಬ. ಅವನ ಕಥೆ ನೂರು ವರ್ಷದಷ್ಟು ಹಳೆಯದು. ಆದರೂ ಅದರ ಕಾವು ಆರಿಲ್ಲ.

*

ರಾಲ್ಫ್ ಬ್ಯಾಗ್ನಾಲ್ಡ್ 1896ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ಇಂಜಿನಿಯರಾಗಿ ದುಡಿದು, ಬಳಿಕ ಕೇಂಬ್ರಿಜ್ಜಿನಲ್ಲಿ ಓದಿ, 1926ರಲ್ಲಿ ಈಜಿಪ್ಟಿಗೆ ವರ್ಗವಾಗಿ ಬಂದ. ಕೈರೋ ನಗರದಲ್ಲಿದ್ದ ಇತರ ಅಧಿಕಾರಿಗಳು ಬಿಡುವಿನ ವೇಳೆಯನ್ನು ಆಟದಲ್ಲಿಯೂ ಔತಣದಲ್ಲಿಯೂ ಕಳೆಯುತ್ತಿದ್ದರೆ ಈತ, ತನ್ನಂಥವೇ ಹುಚ್ಚುಳ್ಳ ಕೆಲವರು ಗೆಳೆಯರನ್ನು ಕಟ್ಟಿಕೊಂಡು, ಫೋರ್ಡ್ ಕಂಪನಿಯ ‘ಟಿ’ ಮಾದರಿಯ ಹಗುರವಾದ ಗಾಡಿಗಳಲ್ಲಿ ಮರುಭೂಮಿಗೆ ಹೊರಟುಬಿಡುತ್ತಿದ್ದ. ಅವನ ಸೋದರಿ ಈನಿಡ್ ಬ್ಯಾಗ್ನಾಲ್ಡ್ ಮುಂದೆ ಪ್ರಸಿದ್ಧ ಕಾದಂಬರಿಕಾರ್ತಿಯಾದಳು. ಆಕೆ ಕಲ್ಪನೆಯಲ್ಲಿ ಮಾಡಿದ ಸಾಹಸವನ್ನು ಈತ ಮರಳಿನ ಮೇಲೆ ಮಾಡಿದನೆನ್ನಬಹುದು.

ಈಜಿಪ್ಟಿನ ಪಡುವಣ ಗಡಿಯಲ್ಲಿ ‘ಮಹಾ ಮರಳುಗಡಲು’ ಎಂಬ ಪ್ರದೇಶವುಂಟು. ತೆರೆಯ ಹಿಂದೆ ತೆರೆಯಂತೆ ಮರಳ ದಿಣ್ಣೆಗಳು ನೂರಾರು ಮೈಲಿ ಹಬ್ಬಿವೆ. 1874ರಲ್ಲಿ ಗೆರ್ಹಾರ್ಡ್ ರೋಲ್ಫ್ಸ್ ಎಂಬ ಜರ್ಮನ್ ಶೋಧಕ ಒಂಟೆಗಳೊಡನೆ ಅದನ್ನು ಅಡ್ಡಹಾಯಲು ಯತ್ನಿಸಿ, ಸಾಧ್ಯವಾಗದೆ ಬಡಗಣಕ್ಕೆ ತಿರುಗಿ ಸಿವಾ ಎಂಬ ಮರೂದ್ಯಾನವನ್ನು ಸೇರಿಕೊಂಡಿದ್ದ. ಒಂಟೆಗೆ ಅಸಾಧ್ಯವಾದುದು ಮೋಟಾರಿಗೆ ಸಾಧ್ಯವೆಂದು ಯಾರೂ ನಂಬಿರಲಿಲ್ಲ. ಬ್ಯಾಗ್ನಾಲ್ಡನೂ ಅವನ ಸಂಗಡಿಗರೂ 1929, 1930 ಮತ್ತು 1932ರ ಪಯಣಗಳಲ್ಲಿ ಆ ನಂಬಿಕೆಯನ್ನು ಅಳಿಸಿಹಾಕಿದರು. ಆಗ ಅವರ ಬಳಿ ಇದ್ದುವು ಫೋರ್ಡಿನ ‘ಎ’ ಮಾದರಿಯ ಗಾಡಿಗಳು. ಇಂಜಿನ್ನಿನ ಶಕ್ತಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ನಾಲ್ಕು ಗಾಲಿಗಳನ್ನೂ ತಿರುಗಿಸುವ ಯಂತ್ರ ಅವುಗಳಲ್ಲಿ ಇರಲಿಲ್ಲ.

ಹಾಗಾದರೆ ಆ ಸಾಮಾನ್ಯ ಗಾಡಿಗಳಿಗೆ ಅವನು ಮಾಡಿದ ಮಾರ್ಪಾಡುಗಳಾದರೂ ಯಾವುವು?

ಮೊದಲನೆಯದು, ಭಾರವನ್ನು ಕಳೆದದ್ದು. ಅನಾವಶ್ಯಕವಾದ ಮೈಕಟ್ಟನ್ನು ತೆಗೆದುಹಾಕಿ, ಸಾಮಾನು ಹಿಡಿಸುವಷ್ಟಕ್ಕೆ ಮರದ ಸರಳವಾದ ತೊಟ್ಟಿಯನ್ನು ಕೂರಿಸಿದ. ಅಲ್ಲಿ ಹೊತ್ತೊಯ್ಯಬೇಕಾದುದು ಪೆಟ್ರೋಲು, ನೀರು, ಆಹಾರ ಈ ಮೂರು. ಉಳಿದುದೆಲ್ಲ ಈ ಮೂರರ ಪಾಲನ್ನು ಕಸಿಯುವ ಕಳ್ಳಭಾರ.

ಎರಡನೆಯದು ನೀರಿನ ಉಳಿತಾಯ. ಆ ಕಾಲದ ಗಾಡಿಗಳಲ್ಲಿ ಇಂಜಿನ್ನು ಕಾದಾಗ ರೇಡಿಯೇಟರಿನ ನೀರು ಕುದಿದು, ಹಬೆಯಾಗಿ ಹೊರಗೆ ಹೋಗಿಬಿಡುತ್ತಿತ್ತು. ಕುಡಿಯುವ ನೀರನ್ನೇ ಅದಕ್ಕೆ ಸುರಿಯಬೇಕಾಗುತ್ತಿತ್ತು. ಮನುಷ್ಯನಿಗೂ ಯಂತ್ರಕ್ಕೂ ಒಂದೇ ಬಿಂದಿಗೆ; ಇಬ್ಬರ ಬಾಯಾರಿಕೆಯೂ ಒಂದೇ ಹೊತ್ತಿನದು! ಬ್ಯಾಗ್ನಾಲ್ಡ್ ಒಂದು ಮುಚ್ಚಿದ ಡಬ್ಬಿಯಲ್ಲಿ ಅರ್ಧ ನೀರು ತುಂಬಿ ಗಾಡಿಯ ಬದಿಗೆ ಬಿಗಿದ. ರೇಡಿಯೇಟರಿನ ಹಬೆ ಕೊಳವೆಯ ಮೂಲಕ ಹಾದು ಆ ನೀರಿನೊಳಗೆ ಇಳಿಯುತ್ತಿತ್ತು, ತಣಿದು ನೀರಾಗುತ್ತಿತ್ತು. ಇಂಜಿನ್ನು ಆರಿದಾಗ ರೇಡಿಯೇಟರಿನೊಳಗೆ ಉಂಟಾದ ನಿರ್ವಾತವೇ ಆ ನೀರನ್ನು ಮರಳಿ ಎಳೆದುಕೊಳ್ಳುತ್ತಿತ್ತು. ಒಂದು ಡಬ್ಬಿ, ಒಂದು ಕೊಳವೆ. ಇಂದಿನ ಪ್ರತಿಯೊಂದು ಕಾರಿನಲ್ಲಿಯೂ ರೇಡಿಯೇಟರಿನ ಪಕ್ಕದಲ್ಲಿ ಕಾಣುವ ಪ್ಲಾಸ್ಟಿಕ್ಕಿನ ನೀರಿನ ಡಬ್ಬಿ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸವನ್ನು.

ಮೂರನೆಯದು ದಿಕ್ಕಿನ ಸಾಧನ. ಕಬ್ಬಿಣದ ಗಾಡಿಯ ಮಗ್ಗುಲಲ್ಲಿ ಅಯಸ್ಕಾಂತದ ದಿಕ್ಸೂಚಿ ಸುಳ್ಳು ಹೇಳುತ್ತದೆ. ಸರಿಯಾದ ದಿಕ್ಕನ್ನು ತಿಳಿಯಲು ಗಾಡಿಯನ್ನು ನಿಲ್ಲಿಸಿ, ದೂರ ನಡೆದು ನೋಡಬೇಕು. ಬ್ಯಾಗ್ನಾಲ್ಡ್ ಗಾಡಿಯ ಮುಂದೆ ಒಂದು ವೃತ್ತಾಕಾರದ ಫಲಕವನ್ನಿಟ್ಟು ನಡುವೆ ಸೂಜಿಯೊಂದನ್ನು ನೆಟ್ಟ. ಸೂಜಿಯ ನೆರಳು ಫಲಕದ ಮೇಲಿನ ಅಂಶಗಳಲ್ಲಿ ಎಲ್ಲಿ ಬೀಳುತ್ತದೆಂದು ನೋಡುತ್ತ, ಸೂರ್ಯನ ಗತಿಗೆ ತಕ್ಕಂತೆ ಫಲಕವನ್ನು ಆಗಾಗ ತಿರುಗಿಸುತ್ತ ಹೋದರಾಯಿತು. ಗಾಡಿ ಓಡುತ್ತಿರುವಾಗಲೇ ದಿಕ್ಕು ತಿಳಿಯುತ್ತಿತ್ತು.

ನಾಲ್ಕನೆಯದು, ಹೂತ ಗಾಲಿಯನ್ನು ಬಿಡಿಸುವ ಉಪಾಯ. ಕೈರೋದ ಗುಜರಿ ಅಂಗಡಿಯೊಂದರಲ್ಲಿ ಅವನ ಕಣ್ಣಿಗೆ ಉಕ್ಕಿನ ಉದ್ದನೆಯ ತಗಡುಗಳು ಬಿದ್ದುವು. ಯುದ್ಧಕಾಲದಲ್ಲಿ ಸೈನಿಕರ ನೆಲಗುಂಡಿಗಳಿಗೆ ಮಾಡು ಹಾಕಲು ಮಾಡಿಸಿದ್ದ ಸರಕು ಅದು. ಹೂತ ಗಾಲಿಯ ಮುಂದೆ ಮರಳನ್ನು ತೋಡಿ ಆ ತಗಡನ್ನು ತೂರಿಸಿದರೆ ಗಾಲಿಗೆ ಹಿಡಿತ ಸಿಕ್ಕಿ ಗಾಡಿ ಮೇಲೇಳುತ್ತಿತ್ತು. ಇಂದು ಸಾಹಸಿಗಳ ಗಾಡಿಗಳ ಬದಿಗೆ ಬಣ್ಣಬಣ್ಣವಾಗಿ ತೂಗುವ ಹಲಗೆಗಳ ಹಿರಿಯಜ್ಜ ಈ ಗುಜರಿ ತಗಡೇ.

ಐದನೆಯದಕ್ಕೆ ಕಾಸಿನ ಖರ್ಚೂ ಇರಲಿಲ್ಲ. ಟೈರಿನ ಗಾಳಿಯನ್ನು ಇಳಿಸುವುದೇ ಅದು. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ, ಹೆಚ್ಚು ನೆಲದ ಮೇಲೆ ಹರಡಿ, ಮರಳನ್ನು ಕೊರೆಯದೆ ತೇಲುತ್ತದೆ. ಇಷ್ಟು ಸಿದ್ಧತೆ ಮಾಡಿಕೊಂಡು ಬ್ಯಾಗ್ನಾಲ್ಡ್ ಒಂದು ದಿನ ಎದುರಿಗಿದ್ದ ಮಹಾ ದಿಣ್ಣೆಯೊಂದಕ್ಕೆ ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ಗಾಡಿಯನ್ನು ನುಗ್ಗಿಸಿದ. ಸಂಗಡಿಗರು ಅಪಘಾತವೇ ಗತಿಯೆಂದು ನೋಡುತ್ತಿದ್ದಂತೆ ಗಾಡಿ ನೀರಿನ ಮೇಲೆ ದೋಣಿ ಜಾರಿದಂತೆ ಏರಿ ನೆತ್ತಿಯ ಮೇಲೆ ನಿಂತಿತು.

*

1935ರಲ್ಲಿ ಬ್ಯಾಗ್ನಾಲ್ಡ್ ಸೈನ್ಯದಿಂದ ನಿವೃತ್ತನಾದ. ಮರಳಿನ ಮೋಹ ಮಾತ್ರ ಬಿಡಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಳಿಯ ಸುರಂಗವೊಂದನ್ನು ಕಟ್ಟಿಕೊಂಡು, ಗಾಳಿ ಮರಳನ್ನು ಹೇಗೆ ಎತ್ತುತ್ತದೆ, ದಿಣ್ಣೆ ಹೇಗೆ ಬೆಳೆಯುತ್ತದೆ ಎಂದು ಪರಿಶೀಲಿಸುತ್ತ ಕುಳಿತ. 1939ರಲ್ಲಿ ಯುದ್ಧ ಅವನನ್ನು ಮತ್ತೆ ಕರೆಯಿತು. ಬೇರೆಡೆಗೆ ಹೊರಟಿದ್ದ ಅವನ ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ ಅಪಘಾತಕ್ಕೀಡಾಗಿ, ಅವನು ಈಜಿಪ್ಟಿನಲ್ಲಿಯೇ ಇಳಿಯಬೇಕಾಯಿತು. ವಿಧಿಯ ಲೀಲೆಯೆಂದರೆ ಹೀಗೆ!

1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಮಧ್ಯಪ್ರಾಚ್ಯದ ಸೇನಾಧಿಪತಿಯಾಗಿದ್ದವರು, ಮುಂದೆ ಭಾರತದ ವೈಸರಾಯರಾದ ವೇವೆಲ್. ಬ್ಯಾಗ್ನಾಲ್ಡ್ ಅವರ ಮುಂದೆ ಒಂದು ಯೋಜನೆಯನ್ನಿಟ್ಟ: ಮರುಭೂಮಿಯ ಒಡಲೊಳಗೆ ಸಾವಿರ ಮೈಲಿ ನುಗ್ಗಿ ಶತ್ರುವಿನ ಚಲನವಲನವನ್ನು ನೋಡಿಬರುವ ಸಣ್ಣ ಪಡೆ. ಅಲ್ಲಿ ನೋಡುವಂಥದೇನೂ ಇರದಿದ್ದರೆ ಎಂದು ವೇವೆಲ್ ಕೇಳಿದಾಗ, ಕಡಲ್ಗಳ್ಳರಂತೆ ಮರಳಿನಲ್ಲಿ ಲೂಟಿಗಾರಿಕೆ ಮಾಡಬಹುದೆಂದು ಈತ ಸೂಚಿಸಿದನಂತೆ. ಒಕ್ಕಣ್ಣಿನ ಸೇನಾಪತಿಯ ಮುಖದಲ್ಲಿ ನಗೆ ಮೂಡಿತು. ಆರು ವಾರಗಳಲ್ಲಿ ಸಿದ್ಧನಾಗೆಂದು ಅಪ್ಪಣೆಯಾಯಿತು.

ಗಾಡಿಗಳು ಎಲ್ಲಿಂದ ಬರಬೇಕು? ವ್ಯಾಪಾರಿಯಿಂದ ಕೆಲವು, ಈಜಿಪ್ಟಿನ ಸೈನ್ಯದಿಂದ ಬೇಡಿ ತಂದವು ಕೆಲವು. ಹೀಗೆ ಷೆವ್ರೊಲೆ ಟ್ರಕ್ಕುಗಳನ್ನು ಕೂಡಿಸಿದ. ಅವುಗಳ ಬಾಗಿಲು, ಮುಂಗಾಜು, ಮಾಡು ಎಲ್ಲವನ್ನೂ ಕಳಚಿದರು. ಅಚ್ಚಿನ ಮೇಲಿನ ಸ್ಪ್ರಿಂಗ್ ಪಟ್ಟಿಗಳಿಗೆ ಹೆಚ್ಚಿನ ಪಟ್ಟಿ ಸೇರಿಸಿದರು. ಹಬೆಯ ಡಬ್ಬಿ, ಬಿಸಿಲಿನ ದಿಕ್ಸೂಚಿ, ಉಕ್ಕಿನ ತಗಡು ಇವಿಷ್ಟನ್ನು ಅಳವಡಿಸಿದರು. ಗಾಡಿಗಳನ್ನು ನಡೆಸಲು ಬಂದವರು ನ್ಯೂಜಿಲೆಂಡಿನ ಸ್ವಯಂಸೇವಕರು. ಅವರಲ್ಲಿ ಹಲವರು ರೈತರು. ಹೊಲದಲ್ಲಿ ಕೆಟ್ಟ ಯಂತ್ರವನ್ನು ಅಲ್ಲಿಯೇ ಸರಿಪಡಿಸಿ ರೂಢಿಯುಳ್ಳವರು. ಬ್ಯಾಗ್ನಾಲ್ಡನಿಗೆ ಬೇಕಾದದ್ದೂ ಅಂಥ ಕೈಗಳೇ.

ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೊಂದುಂಟು. 1941ರಲ್ಲಿ ಈ ಪಡೆಗೆ ನಾಲ್ಕು ಗಾಲಿಗಳಿಗೂ ಶಕ್ತಿಯುಳ್ಳ ಫೋರ್ಡ್ ಟ್ರಕ್ಕುಗಳು ದೊರೆತುವು. ಮೇಲ್ನೋಟಕ್ಕೆ ಇದು ದೊಡ್ಡ ಪ್ರಗತಿ. ಆದರೆ ಅವು ಭಾರವಾಗಿದ್ದುವು, ಪೆಟ್ರೋಲನ್ನು ಮಿತಿಮೀರಿ ಕುಡಿಯುತ್ತಿದ್ದುವು. ದೂರ ಹೋಗಬೇಕಾದರೆ ಹೆಚ್ಚು ಪೆಟ್ರೋಲು ಹೇರಬೇಕು. ಹೆಚ್ಚು ಹೇರಿದರೆ ಭಾರ ಹೆಚ್ಚು. ಭಾರ ಹೆಚ್ಚಿದರೆ ಮತ್ತಷ್ಟು ಪೆಟ್ರೋಲು! ಮರುವರ್ಷ, 1942ರಲ್ಲಿ, ಪಡೆ ಕೆನಡದಲ್ಲಿ ತಯಾರಾದ ಷೆವ್ರೊಲೆ ಟ್ರಕ್ಕುಗಳಿಗೆ ಬದಲಾಯಿಸಿತು. ಅವುಗಳಲ್ಲಿ ಮತ್ತೆ ಎರಡೇ ಗಾಲಿಗಳಿಗೆ ಶಕ್ತಿ. ಜಗತ್ತಿನ ಅತಿ ಕಠಿಣವಾದ ಮರುಭೂಮಿಯನ್ನು ಬಲ್ಲವರು ಬಲವಾದ ಯಂತ್ರವನ್ನು ಬಿಟ್ಟು ಹಗುರವಾದ ಯಂತ್ರವನ್ನು ಆರಿಸಿಕೊಂಡರೆಂಬುದು ಚಿಂತನಾರ್ಹ.

ಗಾಡಿ ಕೈಬಿಟ್ಟರೆ ಏನಾಗುತ್ತದೆಂಬುದಕ್ಕೂ ಆ ಪಡೆಯ ಚರಿತ್ರೆಯಲ್ಲಿ ನಿದರ್ಶನವಿದೆ. 1941ರ ಜನವರಿ 31ರಂದು ಲಿಬಿಯದ ಜೆಬೆಲ್ ಷೆರೀಫ್ ಎಂಬಲ್ಲಿ ಶತ್ರುಗಳ ದಾಳಿಗೆ ಸಿಕ್ಕಿ ಕೆಲವು ಟ್ರಕ್ಕುಗಳು ಸುಟ್ಟುಹೋದುವು. ಗುಡ್ಡದಲ್ಲಿ ಅಡಗಿ ಉಳಿದುಕೊಂಡ ಮೂರ್ ಎಂಬ ಸೈನಿಕನೂ ಅವನ ಮೂವರು ಸಂಗಡಿಗರೂ ಶರಣಾಗಲೊಲ್ಲದೆ, ತಮ್ಮ ಗಾಡಿಗಳು ಬಂದ ಜಾಡನ್ನೇ ಹಿಡಿದು ದಕ್ಷಿಣಕ್ಕೆ ನಡೆದರು. ಗಾಯಗೊಂಡ ಮೈ, ಆಹಾರವೆಂಬುದು ಇಲ್ಲವೆನ್ನುವಷ್ಟು, ನಾಲ್ವರಿಗೂ ಸೇರಿ ಎರಡು ಗ್ಯಾಲನ್ನಿಗೂ ಕಡಿಮೆ ನೀರಿನ ಒಂದು ಡಬ್ಬಿ. ಹತ್ತು ದಿನ, ಇನ್ನೂರು ಮೈಲಿಗೂ ಮಿಕ್ಕ ನಡಿಗೆ. ಫ್ರೆಂಚ್ ಸೈನಿಕರ ಕಣ್ಣಿಗೆ ಬೀಳುವ ಹೊತ್ತಿಗೆ ಒಬ್ಬ ಕುಸಿದು ಬಿದ್ದಿದ್ದ. ನೆರವು ಬಂದರೂ ಅವನು ಉಳಿಯಲಿಲ್ಲ. ಮರುಭೂಮಿಯಲ್ಲಿ ಗಾಡಿಯೆಂದರೆ ವಾಹನ ಮಾತ್ರವಲ್ಲ. ಅದೇ ಬಾವಿ, ಅದೇ ನೆರಳು, ಅದೇ ಊರು.

*

ಇಂದಿನ ವಿಹಾರಿಗೆ ಶತ್ರುವಿನ ಗುಂಡಿನ ಭಯವಿಲ್ಲ. ಆದರೆ ಆಸ್ಟ್ರೇಲಿಯದ ಸಿಂಪ್ಸನ್ ಮರುಭೂಮಿಯಲ್ಲಿ ಸಾವಿರಕ್ಕೂ ಹೆಚ್ಚು ಮರಳ ದಿಣ್ಣೆಗಳನ್ನು ಒಂದಾದಮೇಲೊಂದು ಏರಿಳಿಯುವ ಸಂಸಾರಕ್ಕೆ ಮರುಭೂಮಿ ಅಂದಿನದೇ. ಅದರಿಂದ ಬ್ಯಾಗ್ನಾಲ್ಡನ ವಿವೇಕ ಇಂದಿನ ಹಳೆಯ ಪಿಕಪ್ಪಿಗೂ ಅನ್ವಯಿಸುತ್ತದೆ.

ಭಾರದ ಲೆಕ್ಕವನ್ನೇ ಮೊದಲು ನೋಡಬಹುದು. ಗಾಡಿಯೊಂದು 800 ಕಿಲೋ ಹೊರಬಲ್ಲುದೆಂದು ತಯಾರಕರು ಹೇಳಿದ್ದಾರೆನ್ನೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು 220 ಕಿಲೋ. ನೀರು 80. ಹೆಚ್ಚಿನ ಡೀಸೆಲ್ 50. ಮಾಡಿನ ಡೇರೆ 60. ತೊಟ್ಟಿಗೆ ಮುಚ್ಚಿಗೆ 90. ಮುಂದಿನ ಉಕ್ಕಿನ ತಡೆಗಂಬಿ ಮತ್ತು ರಾಟೆ 100. ಶೀತಕದ ಪೆಟ್ಟಿಗೆಯೂ ಎರಡನೆಯ ಬ್ಯಾಟರಿಯೂ 60. ಹೆಚ್ಚಿನ ಗಾಲಿ, ಜಾಕ್, ಸಲಕರಣೆ 50. ಆಹಾರ, ಪಾತ್ರೆ, ಹಾಸಿಗೆ 60. ಕೂಡಿದರೆ 770! ಉಳಿದದ್ದು ಮೂವತ್ತೇ ಕಿಲೋ. ಇನ್ನೊಂದು ಪೆಟ್ಟಿಗೆ ಬೇಕೆಂದು ಆಸೆಪಟ್ಟರೆ ಆಯಿತು, ಮಿತಿ ಮೀರಿತು. ಮೂವತ್ತು ವರ್ಷ ದುಡಿದ ಚೌಕಟ್ಟು ಇಷ್ಟನ್ನೂ ಹೊತ್ತು ಗುಂಡಿಯಲ್ಲಿ ಧೊಪ್ಪೆಂದು ಬಿದ್ದಾಗ, ತುಕ್ಕು ತಿಂದ ಜಾಗದಲ್ಲಿ ಬಿರುಕು ಬಿಡುವುದು ಅಥವಾ ತೊಟ್ಟಿಗೂ ಕೋಣೆಗೂ ನಡುವೆ ಬಾಗುವುದು ಅಪರೂಪವೇನಲ್ಲ. ಬಲವಾದ ಸ್ಪ್ರಿಂಗನ್ನು ಹಾಕಿದರೆ ಗಾಡಿಯ ಹಿಂಭಾಗ ಎದ್ದು ನಿಂತೀತು. ಚೌಕಟ್ಟಿನ ಬಲವೂ ಬ್ರೇಕಿನ ಬಲವೂ ಅದರಿಂದ ಹೆಚ್ಚುವುದಿಲ್ಲ. ಮಗುವಿಗೆ ದೊಡ್ಡ ಅಂಗಿ ತೊಡಿಸಿದರೆ ಮಗು ದೊಡ್ಡದಾದೀತೆ?

ಎತ್ತರದ ಮೋಹವೂ ಹೀಗೆಯೇ. ಗಾಡಿಯನ್ನು ಸ್ವಲ್ಪ ಎತ್ತಿದರೆ ಕಲ್ಲು ತಾಗದೆಂಬುದು ನಿಜ. ಹೆಚ್ಚು ಎತ್ತಿದರೆ ಭಾರದ ಕೇಂದ್ರ ಮೇಲೇರಿ, ಇಳಿಜಾರಿನಲ್ಲಿ ಮಗ್ಗುಲಾಗುವ ಭಯ ಹೆಚ್ಚುತ್ತದೆ. ಮಾಡಿನ ಮೇಲೆ ಡೇರೆಯೂ ಇದ್ದರೆ ಕೇಳಬೇಕಾದ್ದೇ ಇಲ್ಲ. ಟೈರಿನ ಸುತ್ತಳತೆಯನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ, ವೇಗದ ಮುಳ್ಳು 100 ಎಂದು ತೋರಿಸುವಾಗ ಗಾಡಿ 110ರಲ್ಲಿ ಓಡುತ್ತಿರುತ್ತದೆ. ಹಳೆಯ ಬ್ರೇಕು ಹೊಸ ಟೈರಿನ ಭಾರವನ್ನು ನಿಲ್ಲಿಸಲು ಏದುಸಿರು ಬಿಡುತ್ತದೆ.

ಇನ್ನು ಟೈರಿನ ಗಾಳಿ. ಒಂದು ಗಾಲಿಯ ಮೇಲೆ 500 ಕಿಲೋ ಭಾರವಿದ್ದು ಗಾಳಿಯ ಒತ್ತಡ 35 ಪೌಂಡು ಇದ್ದರೆ, ಆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 200 ಚದರ ಸೆಂಟಿಮೀಟರು. ಒತ್ತಡವನ್ನು 18 ಪೌಂಡಿಗೆ ಇಳಿಸಿದರೆ ಆ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಾವಿರಾರು ರೂಪಾಯಿಯ ಸಾಮಗ್ರಿಗಿಂತ ಈ ಒಂದು ಉಪಾಯ ಮರಳಿನಲ್ಲಿ ಹೆಚ್ಚು ನೆರವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಗಟ್ಟಿ ರಸ್ತೆಗೆ ಬಂದ ಕೂಡಲೇ ಗಾಳಿಯನ್ನು ಮತ್ತೆ ತುಂಬಬೇಕು. ಮೆತ್ತಗಿನ ಟೈರು ವೇಗದಲ್ಲಿ ಓಡಿದರೆ ಅದರ ಪಕ್ಕೆಗಳು ಮಡಿಸಿ ಬಿಚ್ಚಿ ಕಾದು ಸಿಡಿಯುತ್ತವೆ. ಗಾಳಿಯ ಅಳತೆಯ ಮಾಪಕವನ್ನೂ ಪಂಪನ್ನೂ ಮರೆತವನು ಗಾಳಿಯನ್ನು ಇಳಿಸಬಾರದು.

ಹಳೆಯ ಗಾಡಿಗೆ ಮಾರ್ಪಾಡಿಗಿಂತ ಮೊದಲು ಬೇಕಾದುದು ಆರೈಕೆ. ಇಂಜಿನ್ನಿನ ಸುತ್ತಲಿನ ರಬ್ಬರು ಕೊಳವೆಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರಿದಿರುತ್ತವೆ. ಹಳೆಯವನ್ನೆಲ್ಲ ತೆಗೆದು ಹೊಸದನ್ನು ಹಾಕುವುದು ಲೇಸು. ನೀರಿನ ಪಂಪು, ಫ್ಯಾನ್ ಬೆಲ್ಟು, ರೇಡಿಯೇಟರು ಈ ಮೂರನ್ನು ನಂಬುವ ಮುನ್ನ ಪರೀಕ್ಷಿಸಬೇಕು. ಬ್ರೇಕಿನ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವ ಸೇರಿದ ಎಣ್ಣೆ ಉದ್ದವಾದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಕುದಿದು ಗುಳ್ಳೆಯೇಳುತ್ತದೆ. ಕಾಲಿಟ್ಟ ಪೆಡಲು ಹತ್ತಿಯಂತೆ ಕುಸಿಯುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಾಯಿಸಬೇಕು. ಗಾಲಿಯ ಬೇರಿಂಗುಗಳನ್ನು ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಬೇಕು. ಸ್ಪ್ರಿಂಗ್ ಪಟ್ಟಿಗಳನ್ನು ಬದಲಿಸಿದ ಮೇಲೆ ಅವನ್ನು ಅಚ್ಚಿಗೆ ಬಿಗಿದ ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರು ಓಡಿದ ತರುವಾಯ ಮತ್ತೊಮ್ಮೆ ಬಿಗಿಯಬೇಕು. ಹೊಸ ಪಟ್ಟಿ ಕೂತುಕೊಳ್ಳುವಾಗ ಅವು ಸಡಿಲವಾಗುತ್ತವೆ.

ಹಳ್ಳ ದಾಟುವವರು ತಿಳಿಯದೆ ಮೋಸಹೋಗುವ ವಿಷಯ ಮತ್ತೊಂದಿದೆ. ಅಚ್ಚಿನ ನಡುವಿನ ಹಲ್ಲುಗಾಲಿಗಳ ಗುಂಡು ಪೆಟ್ಟಿಗೆ ದಾರಿಯಲ್ಲಿ ಕಾದಿರುತ್ತದೆ. ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸಂದುಗಳಿಂದ ನೀರನ್ನು ಒಳಕ್ಕೆಳೆಯುತ್ತದೆ. ನೀರು ಬೆರೆತ ಎಣ್ಣೆ ಹಾಲುಬೆರೆತ ಕಾಫಿಯ ಬಣ್ಣಕ್ಕೆ ತಿರುಗಿ, ಹಲ್ಲುಗಳನ್ನು ಸವೆಸುತ್ತದೆ. ಆ ಪೆಟ್ಟಿಗೆಗೆ ಉಸಿರಾಡಲು ಸಣ್ಣ ರಂಧ್ರವೊಂದಿದೆ. ಅದಕ್ಕೆ ರಬ್ಬರು ಕೊಳವೆ ಸಿಕ್ಕಿಸಿ ಇಂಜಿನ್ನಿನ ಎತ್ತರದವರೆಗೆ ಒಯ್ದು ಕಟ್ಟಿದರೆ, ನೀರಿನ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಖರ್ಚು ಒಂದೆರಡು ಗಜ ಕೊಳವೆಯದು ಮಾತ್ರ. ಒಣಹುಲ್ಲಿನ ಪ್ರದೇಶದಲ್ಲಿ ಹೊಗೆಕೊಳವೆಯ ಮೇಲೆ ಹುಲ್ಲು ಸೇರಿಕೊಂಡು ಬೆಂಕಿ ಹತ್ತಿ ಗಾಡಿಗಳು ಭಸ್ಮವಾದ ಪ್ರಸಂಗಗಳು ಆಸ್ಟ್ರೇಲಿಯದಲ್ಲಿ ಹಲವು ನಡೆದಿವೆ. ಆಗಾಗ ಇಳಿದು, ಬಗ್ಗಿ, ಗಾಡಿಯ ಅಡಿಯನ್ನು ನೋಡುವುದೇ ಅದಕ್ಕೆ ಮದ್ದು.

ಇಷ್ಟಾದರೂ ಗಾಡಿ ಕೆಟ್ಟು ನಿಂತಿತೆನ್ನಿ. ಆಗ ಪಾಲಿಸಬೇಕಾದ ನಿಯಮ ಒಂದೇ: ಗಾಡಿಯನ್ನು ಬಿಟ್ಟು ಹೋಗಬಾರದು. ಹುಡುಕುವ ವಿಮಾನಕ್ಕೆ ಗಾಡಿ ಕಾಣುವಷ್ಟು ಸುಲಭವಾಗಿ ಮನುಷ್ಯ ಕಾಣಲಾರ. ಗಾಡಿಯಲ್ಲಿ ನೆರಳಿದೆ, ನೀರಿದೆ. ಮೂರನೂ ಅವನ ಸಂಗಡಿಗರೂ ನಡೆದರೆಂಬುದು ನಿಜ. ಅವರ ಗಾಡಿಗಳು ಸುಟ್ಟು ಬೂದಿಯಾಗಿದ್ದುವೆಂಬುದನ್ನು ಮರೆಯಬಾರದು.

*

ಈ ವೃತ್ತಾಂತವನ್ನು ಓದಿ ಕನ್ನಡನಾಡಿನ ಉತ್ಸಾಹಿ ತರುಣರು ಮನೆಯ ಹಳೆಯ ಜೀಪನ್ನು ಕುಯ್ದು ಕಟ್ಟಲು ಹೊರಟಾರು. ಅವರು ಕಾಯಿದೆಯನ್ನು ಒಮ್ಮೆ ನೋಡುವುದು ಒಳ್ಳೆಯದು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನ ಮೇರೆಗೆ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ. ಅನುಮತಿ ಪಡೆದು ಮಾಡಬಹುದಾದ ಬದಲಾವಣೆಗಳು ಕೆಲವೇ. ಸ್ವಂತ ಗಾಡಿಯ ನೋಂದಣಿಯೂ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕು. ಕಾಡಿನೊಳಗೆ ಅನುಮತಿಯಿಲ್ಲದೆ ಗಾಡಿ ಹೊಗಿಸುವುದು ಅಪರಾಧ. ಆದರೆ ಗ್ರೀಸು ಹಚ್ಚುವುದನ್ನು, ಬ್ರೇಕಿನ ಎಣ್ಣೆ ಬದಲಿಸುವುದನ್ನು, ಬೇಡದ ಭಾರವನ್ನು ಇಳಿಸುವುದನ್ನು ಯಾವ ಕಾಯಿದೆಯೂ ತಡೆಯುವುದಿಲ್ಲ. ಬ್ಯಾಗ್ನಾಲ್ಡನ ವಿದ್ಯೆಯಲ್ಲಿ ಮುಖ್ಯವಾದ ಅರ್ಧ ಎಲ್ಲರಿಗೂ ತೆರೆದಿದೆ.

ಆ ಮಹನೀಯ ಮುಂದೆ ಏನಾದನೆಂಬುದನ್ನು ತಿಳಿಯುವ ಕುತೂಹಲ ವಾಚಕರಿಗೆ ಇರಬಹುದು. ಮರಳಿನ ಚಲನೆಯನ್ನು ಕುರಿತ ಅವನ ಗ್ರಂಥ 1941ರಲ್ಲಿ, ಯುದ್ಧದ ನಡುವೆಯೇ, ಪ್ರಕಟವಾಯಿತು. 1944ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನಾಗಿ ಆರಿಸಿತು. ಬೇರೆ ಗ್ರಹಗಳ ಮರಳನ್ನು ಅರಿಯಲು ವಿಜ್ಞಾನಿಗಳು ಅವನ ಗ್ರಂಥವನ್ನೇ ಮೊರೆಹೊಕ್ಕರು. 1990ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಅವನ ಪಡೆಯ ಷೆವ್ರೊಲೆ ಟ್ರಕ್ಕೊಂದು ಯುದ್ಧ ಮುಗಿದು ದಶಕಗಳಾದ ಮೇಲೆ ಲಿಬಿಯದ ಮರಳಿನಲ್ಲಿ ದೊರೆತು, ತುಕ್ಕು ಹಿಡಿದ ಮೈಯಲ್ಲಿಯೇ ಲಂಡನ್ನಿನ ಯುದ್ಧ ವಸ್ತುಸಂಗ್ರಹಾಲಯವನ್ನು ಸೇರಿತು. ಬಾಗಿಲಿಲ್ಲ, ಮಾಡಿಲ್ಲ, ಅದರ ಯಜಮಾನ ಕಳಚಿದ್ದನ್ನು ಕಾಲವೂ ಮರಳಿ ತೊಡಿಸಲಿಲ್ಲ.

ಮಂಗಳ ಗ್ರಹದ ಮೇಲೆ ಇಂದು ಬ್ಯಾಗ್ನಾಲ್ಡನ ಹೆಸರಿನ ಮರಳ ದಿಣ್ಣೆಗಳಿವೆ. 2012ರಲ್ಲಿ ಅಲ್ಲಿ ಇಳಿದ ‘ಕ್ಯೂರಿಯಾಸಿಟಿ’ ಎಂಬ ಆರು ಗಾಲಿಗಳ ಗಾಡಿ 2015ರ ಕೊನೆಯಲ್ಲಿ ಆ ದಿಣ್ಣೆಗಳ ಬುಡಕ್ಕೆ ಹೋಗಿ ನಿಂತಿತು. ಅದಕ್ಕೆ ಮುಂಚೆಯೇ, 2013ರಲ್ಲಿ, ಚೂಪಾದ ಕಲ್ಲುಗಳು ಚುಚ್ಚಿ ಅದರ ಲೋಹದ ಗಾಲಿಗಳಲ್ಲಿ ತೂತುಗಳು ಬಿದ್ದಿರುವುದು ಕಂಡುಬಂದಿತ್ತು. ಕೋಟ್ಯಂತರ ಮೈಲಿ ದೂರದಲ್ಲಿ ಗಾಲಿ ಬದಲಿಸುವವರು ಯಾರು? ವಿಜ್ಞಾನಿಗಳು ಮೆತ್ತನೆಯ ಹಾದಿಯನ್ನು ಹುಡುಕಿ ಗಾಡಿಯನ್ನು ನಡೆಸತೊಡಗಿದರು. ಅದೂ ಆಗಾಗ ನಿಂತು, ತನ್ನ ತೋಳನ್ನು ಬಗ್ಗಿಸಿ, ತನ್ನ ಗಾಲಿಗಳ ಚಿತ್ರವನ್ನು ತಾನೇ ತೆಗೆದು ಭೂಮಿಗೆ ಕಳುಹಿಸುತ್ತ ಬಂದಿದೆ.

ಜಾತ್ರೆಯ ಹಿಂದಿನ ಸಂಜೆ ಗಾಲಿಯ ಪಕ್ಕದಲ್ಲಿ ಕುಳಿತ ಹಿರಿಯ ಮಾಡುತ್ತಿದ್ದುದೂ ಇದನ್ನೇ. ದೂರ ಹೋಗುವವರು ಯಾರೇ ಆಗಲಿ, ಎಲ್ಲಿಗೇ ಆಗಲಿ, ಹೊರಡುವ ಮುನ್ನ ಒಮ್ಮೆ ಗಾಲಿಯ ಬಳಿ ಬಗ್ಗಬೇಕು.